ಸಡಿಲಗೊಂಡ ಟವರ್ ಸ್ಟೇ ವೈರ್‌ಗಳನ್ನು ಅಳತೆ ಮಾಡಿ ಬಿಗಿಗೊಳಿಸಲು ಕೋರಿ ಐದನೇ ಮನವಿ

ಇವರಿಗೆ,
ಮಾನ್ಯ ಅಧ್ಯಕ್ಷರು ಹಾಗೂ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು,
ಗ್ರಾಮ ಪಂಚಾಯಿತಿ ಕಾರ್ಯಾಲಯ,
ಚಿತ್ರದುರ್ಗ ತಾಲ್ಲೂಕು

ಇವರಿಂದ: ಟವರ್ ಓಣಿ ಮತ್ತು ಹಿಂದಿನ ಬಡಾವಣೆಯ ನಿವಾಸಿಗಳು

ಮಾನ್ಯರೇ,

ಟವರ್ ಎಲ್ಲಿದೆ ಅಂತ ಮತ್ತೆ ಬರೆಯುವುದಿಲ್ಲ. ನೀವು ದಿನಾ ಅದರ ಮುಂದೆಯೇ ಓಡಾಡುತ್ತೀರಿ.

ಮೊದಲ ಅರ್ಜಿ ಕೊಟ್ಟಿದ್ದು ಹೋದ ವರ್ಷ ಯುಗಾದಿಗೂ ಮುಂಚೆ. ಅಂಗನವಾಡಿ ಕಡೆಯ ಸ್ಟೇ ವೈರ್, ಅಂದರೆ ಟವರ್ ಕಂಬವನ್ನು ನೆಲಕ್ಕೆ ಎಳೆದು ಹಿಡಿದಿರುವ ತಂತಿ, ಆಗಲೇ ಜೋತುಬಿದ್ದಿತ್ತು. ಟಪಾಲಿನಲ್ಲಿ ಕೊಟ್ಟು ಹೋಗಿ ಎಂದಿರಿ. ಎರಡನೆಯದನ್ನು ಆಷಾಢದ ಗಾಳಿ ಶುರುವಾದಾಗ ಕೊಟ್ಟೆವು. ಸೀಲು ಬಿದ್ದ ಪ್ರತಿ ನಮ್ಮ ಹತ್ತಿರ ಇದೆ, ಮೂಲ ಅರ್ಜಿ ಮಾತ್ರ ನಿಮ್ಮಲ್ಲಿ ಸಿಗುತ್ತಿಲ್ಲವಂತೆ. ಮೂರನೆಯದನ್ನು ಗ್ರಾಮಸಭೆಯಲ್ಲಿ ಎಲ್ಲರ ಮುಂದೆ ಓದಿದೆವು. ಅದು ಕಂಪನಿಯವರ ಕೆಲಸ ಎಂದಿರಿ. ಬೇಲಿ ಮೇಲಿನ ಬೋರ್ಡಿನ ನಂಬರಿಗೆ ಫೋನ್ ಮಾಡಿದರೆ ಅದು ಚಾಲ್ತಿಯಲ್ಲೇ ಇಲ್ಲ. ನಾಲ್ಕನೆಯದಾಗಿ ಮಾಹಿತಿ ಹಕ್ಕಿನಲ್ಲಿ ತಪಾಸಣೆ ವರದಿ ಕೇಳಿದೆವು. 2005ರ ಕಾಯ್ದೆ ಪ್ರಕಾರ 30 ದಿನದಲ್ಲಿ ಉತ್ತರ ಕೊಡಬೇಕು. ನಾಲ್ಕು ತಿಂಗಳಾಯಿತು. ತೆರಿಗೆ ತಗೊಳ್ಳುವಾಗ ಟವರ್ ನಿಮ್ಮದು, ತಂತಿ ಸಡಿಲವಾದಾಗ ಮಾತ್ರ ಕಂಪನಿಯದಾ?

ನಡುವೆ ಒಮ್ಮೆ ಕಂಪನಿಯವರು ಒಬ್ಬ ಹುಡುಗನನ್ನು ಕಳಿಸಿದ್ದರು. ಗಾಳಿ ಜೋರಾಗಿದ್ದ ಮಧ್ಯಾಹ್ನ ಬಂದ. ಕೈಯಲ್ಲಿ ಒಂದು ಸ್ಪ್ಯಾನರ್ ಬಿಟ್ಟರೆ ಬೇರೇನೂ ಇಲ್ಲ. ಒಂದು ಕಡೆ ತಂತಿಯನ್ನು ಬಿಗಿ-ಸಡಿಲ ಮಾಡುವ ತಿರುಪಾದ ಟರ್ನ್‌ಬಕಲ್ ತಿರುಗಿಸಿ, ಫೋಟೊ ತೆಗೆದುಕೊಂಡು ಹೋದ. ಟರ್ನ್‌ಬಕಲ್ ಅಲುಗಾಟಕ್ಕೆ ತಾನಾಗೇ ಬಿಚ್ಚಿಕೊಳ್ಳಬಾರದು ಅಂತ ಸುತ್ತಿದ್ದ ಲಾಕ್ ತಂತಿಯನ್ನು ಕತ್ತರಿಸಿದವನು ಮತ್ತೆ ಹಾಕಲೇ ಇಲ್ಲ. ಅವನನ್ನು ಬೈಯುತ್ತಿಲ್ಲ. ಬಿಗಿ ಅಳೆಯುವ ಮೀಟರ್ ಕೊಡದೆ ಕಳಿಸಿದವರನ್ನು ಕೇಳುತ್ತಿದ್ದೇವೆ.

ಸ್ಟೇ ವೈರ್ ಬಿಗಿ ಮಾಡುವುದು ಅಂದರೆ ಸುಮ್ನೆ ಎಳೆದು ಕಟ್ಟುವುದಲ್ಲ. ತಂತಿ ಎಷ್ಟು ಭಾರಕ್ಕೆ ತುಂಡಾಗುತ್ತದೋ ಅದರ ಸುಮಾರು ಶೇ 10ರಷ್ಟು ಎಳೆತ ಮೊದಲೇ ಇರಬೇಕು. ಕಡಿಮೆಯಾದರೆ ಗಾಳಿಗೆ ಕಂಬ ಓಲಾಡಿ ತಂತಿಗೆ ಜಗ್ಗು ಬೀಳುತ್ತದೆ. ಜಾಸ್ತಿಯಾದರೆ ಕಂಬದ ಮೇಲೆ ಭಾರ ಕೂತು, ತಂತಿ ಸಣ್ಣಗೆ ನಡುಗಿ ಸವೆಯುತ್ತದೆ. ಒಂದೇ ಕಡೆ ಎಳೆದರೆ ಕಂಬ ಆ ಕಡೆಗೆ ಬಾಗುತ್ತದೆ. ಅಳೆಯಬೇಕಾದ್ದು ಗಾಳಿ ನಿಂತ ಹೊತ್ತಿನಲ್ಲಿ. ಬೀಸುವಾಗ ಗಾಳಿ ಬರುವ ಕಡೆಯ ತಂತಿ ಬಿಗಿಯಾಗಿ, ಎದುರಿನದು ಸಡಿಲವಾಗಿ ಕಾಣುತ್ತದೆ. ಬಿಸಿಲಿಗೆ ಉಕ್ಕು ಹಿಗ್ಗುವುದರಿಂದ ಅವತ್ತಿನ ತಾಪಮಾನವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಸ್ಟೇ ವೈರ್ ಟವರ್‌ಗಳನ್ನು ಮೂರು ವರ್ಷಕ್ಕೊಮ್ಮೆ, ದೊಡ್ಡ ಗಾಳಿ ಬಂದ ಮೇಲೂ ಒಮ್ಮೆ ಪೂರ್ತಿ ಪರೀಕ್ಷಿಸಬೇಕು ಅಂತ ಅಮೆರಿಕದ ಟಿಐಎ-222 ಮಾನದಂಡ ಹೇಳುತ್ತದೆ. ನಮ್ಮದು ಜೋಗಿಮಟ್ಟಿ ಸಾಲಿನ ಊರು. ಗಾಳಿ ಜಾಸ್ತಿ ಅಂತಲೇ ಈ ಗುಡ್ಡಗಳ ಮೇಲೆ ಗಾಳಿ ಫ್ಯಾನ್ ನಿಲ್ಲಿಸಿದ್ದಾರೆ, ಅಲ್ವಾ? ಇಲ್ಲಿಗೆ ಮೂರು ವರ್ಷವೂ ದೂರವೇ.

ಇನ್ನೂ ಇದೆ. ತಂತಿಯನ್ನು ನೆಲಕ್ಕೆ ಹಿಡಿದಿಡುವ ಆ್ಯಂಕರ್ ರಾಡ್ ಮಣ್ಣಿಗೆ ಇಳಿಯುವ ಜಾಗದಲ್ಲಿ ಚರಂಡಿ ನೀರು ನಿಂತು ತುಕ್ಕು ಹಿಡಿದಿದೆ. ಆ ಚರಂಡಿ ಪಂಚಾಯಿತಿಯದೇ, ಹೂಳು ತೆಗೆದು ಎರಡು ವರ್ಷವಾಯಿತು. ಬೇಲಿ ಗೇಟಿಗೆ ಬೀಗವಿಲ್ಲ, ಮಕ್ಕಳು ತಂತಿ ಹಿಡಿದು ಜೋಕಾಲಿ ಆಡುತ್ತವೆ. ಜನರೇಟರ್ ಸದ್ದಿಗೆ ರಾತ್ರಿ ನಿದ್ದೆಯಿಲ್ಲ. ಬೀದಿ ದೀಪ ಕೆಟ್ಟಿರುವುದರಿಂದ ಕತ್ತಲಲ್ಲಿ ತಂತಿ ಕಾಣದೆ ಒಬ್ಬ ಅಜ್ಜಿ ಎಡವಿ ಬಿದ್ದು ಕೈ ಮುರಿದುಕೊಂಡರು. ಅದನ್ನೂ ಎರಡನೇ ಅರ್ಜಿಯಲ್ಲಿ ಬರೆದಿದ್ದೆವು.

ಆಷಾಢ ಬರುವ ಮುಂಚೆ, ಗಾಳಿ ಇಲ್ಲದ ಬೆಳಿಗ್ಗೆ, ಮೀಟರ್ ಮತ್ತು ಕಂಬದ ನೇರ ನೋಡುವ ಥಿಯೊಡೊಲೈಟ್ ಸಮೇತ ತಿಳಿದವರನ್ನು ಕರೆಸಿ. ಮೂರೂ ಕಡೆಯ ಎಲ್ಲ ತಂತಿಗಳ ಬಿಗಿಯನ್ನೂ ಕಂಬದ ನೇರವನ್ನೂ ನಮ್ಮೆದುರಿಗೆ ಅಳೆಯಿಸಿ. ಆ್ಯಂಕರ್ ಬುಡ ಅಗೆಸಿ ನೋಡಿ, ಲಾಕ್ ತಂತಿ ಹಾಕಿಸಿ. ಅಳತೆಯ ಅಂಕಿಗಳನ್ನು ಪಂಚಾಯಿತಿ ನೋಟಿಸ್ ಬೋರ್ಡಿಗೆ ಅಂಟಿಸಿ. ಕಂಪನಿ ಬರದಿದ್ದರೆ ನೋಟಿಸ್ ಕೊಟ್ಟು, ಅದರ ಪ್ರತಿ ನಮಗೂ ಕೊಡಿ. ಅಲ್ಲಿಯವರೆಗೆ ಅಂಗನವಾಡಿಯನ್ನು ಸಮುದಾಯ ಭವನಕ್ಕೆ ಸ್ಥಳಾಂತರಿಸಿ.

15 ದಿನದೊಳಗೆ ಲಿಖಿತ ಉತ್ತರ ಬೇಕು. ನೋಡೋಣ ಅನ್ನುವ ಮಾತು ಬೇಡ, ಅದನ್ನು ನಾಲ್ಕು ಸಲ ಕೇಳಿದ್ದೇವೆ.

ಇಂತಿ,
ಟವರ್ ಓಣಿ ಮತ್ತು ಹಿಂದಿನ ಬಡಾವಣೆಯ ನಿವಾಸಿಗಳು

ಅಡಕ: ಹಿಂದಿನ ಅರ್ಜಿಗಳ ಪ್ರತಿಗಳು, ತಂತಿ ಮತ್ತು ಆ್ಯಂಕರ್ ಫೋಟೊಗಳು, ಸಹಿ ಪಟ್ಟಿ
ಪ್ರತಿ: ಮಾನ್ಯ ತಹಶೀಲ್ದಾರರ ಗಮನಕ್ಕೆ