ಜಪಾನಿನ ಗೇಮ್ ಯಂತ್ರ: ಪ್ಲಗ್ ಹಾಕುವ ಮುನ್ನ

ಮಾನ್ಯರೇ,

ಜಪಾನಿನಿಂದ ಹಳೆಯ ಸೂಪರ್ ಫ್ಯಾಮಿಕಾಮ್, ಸೆಗಾ ಸ್ಯಾಟರ್ನ್‌ನಂಥ ಗೇಮ್ ಯಂತ್ರ ತರಿಸುವವರು ದಯವಿಟ್ಟು ಗಮನಿಸಿ. ಅಲ್ಲಿನ ಮನೆಗಳ ಕರೆಂಟು 100 ವೋಲ್ಟ್, ನಮ್ಮದು 230. ಟ್ರಾವೆಲ್ ಅಡಾಪ್ಟರ್ ಸಿಕ್ಕಿಸಿದರೆ ಪಿನ್ನಿನ ಆಕಾರ ಹೊಂದುತ್ತದೆಯೇ ಹೊರತು ವೋಲ್ಟೇಜ್ ಇಳಿಯುವುದಿಲ್ಲ.

ಸೂಪರ್ ಫ್ಯಾಮಿಕಾಮ್‌ಗೆ ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಬೇಕಿಲ್ಲ. ಅದರ ಮೂಲ ಅಡಾಪ್ಟರ್ ಕೊಡುವುದು 10 ವೋಲ್ಟ್ ಡಿಸಿ, 850 ಮಿಲಿಆಂಪಿಯರ್. ಅದನ್ನು ಎತ್ತಿಟ್ಟು, ಇಲ್ಲಿಯದೇ 9 ವೋಲ್ಟ್, 1 ಆಂಪಿಯರ್‌ನ ಒಳ್ಳೆಯ ಡಿಸಿ ಅಡಾಪ್ಟರ್ ಹಾಕಿ. ಆದರೆ ಪ್ಲಗ್ಗಿನ ನಡುಭಾಗ ನೆಗೆಟಿವ್ ಇರಲೇಬೇಕು. ಅಂಗಡಿಯಲ್ಲಿ ಸಿಗುವವು ಬಹುಪಾಲು ಪಾಸಿಟಿವ್. ವೋಲ್ಟೇಜ್ ಅಳೆಯುವ ಮಲ್ಟಿಮೀಟರಿನ ಕೆಂಪು ಮೊನೆಯನ್ನು ಪ್ಲಗ್ಗಿನ ತೂತಿನೊಳಗೆ, ಕಪ್ಪನ್ನು ಹೊರಮೈಗೆ ಮುಟ್ಟಿಸಿ. ಅಂಕಿಯ ಮುಂದೆ ಮೈನಸ್ ಬಂದರೆ ಸರಿ. 12 ವೋಲ್ಟಿನದು ಬೇಡ: ಒಳಗಿನ 7805 ರೆಗ್ಯುಲೇಟರ್ 5 ವೋಲ್ಟ್ ಮಾತ್ರ ಮುಂದಕ್ಕೆ ಬಿಟ್ಟು ಮಿಕ್ಕಿದ್ದನ್ನು ಶಾಖವಾಗಿ ಕಳೆಯುತ್ತದೆ, ಸುಮ್ಮನೆ ಬಿಸಿಯಾಗುತ್ತದೆ. ಅಮೆರಿಕದ ಎನ್‌ಇಎಸ್ (ನಿಂಟೆಂಡೊ ಗೇಮ್ ಯಂತ್ರ) ಅಡಾಪ್ಟರ್ ಕೊಡುವುದು ಎಸಿ. ಸೂಪರ್ ಫ್ಯಾಮಿಕಾಮ್‌ಗೆ ಅದನ್ನು ಎಂದೂ ಹಾಕಬೇಡಿ.

ಸ್ಯಾಟರ್ನ್, ಮೊದಲ ಪ್ಲೇಸ್ಟೇಷನ್‌ಗಳ ಪವರ್ ಸಪ್ಲೈ ಯಂತ್ರದೊಳಗೇ ಇದೆ. ಇವಕ್ಕೆ 230ರಿಂದ 100ಕ್ಕೆ ಇಳಿಸುವ, 100 ವಿಎ (ವೋಲ್ಟ್-ಆಂಪಿಯರ್) ಸಾಮರ್ಥ್ಯದ ಟ್ರಾನ್ಸ್‌ಫಾರ್ಮರ್ ಸಾಕು. 110 ವೋಲ್ಟಿನದು ಅಗ್ಗವೆಂದು ಕೊಳ್ಳಬೇಡಿ. ಲೈನು 250ಕ್ಕೆ ಏರಿದಾಗ ಅದರಿಂದ ಹೊರಬರುವುದು ಸುಮಾರು 120. ಎರಡು ವೈಂಡಿಂಗ್‌ಗಳೂ (ತಂತಿಯ ಸುರುಳಿಗಳೂ) ಬೇರೆಬೇರೆ ಇರುವ ಐಸೊಲೇಷನ್ ಮಾದರಿಯನ್ನೇ ಕೇಳಿ ಪಡೆಯಿರಿ. ಒಂದೇ ವೈಂಡಿಂಗ್ ಇರುವ ಆಟೊ ಟ್ರಾನ್ಸ್‌ಫಾರ್ಮರಿನಲ್ಲಿ ಅದು ತುಂಡಾದರೆ 230 ವೋಲ್ಟ್ ನೇರವಾಗಿ ಯಂತ್ರಕ್ಕೆ ನುಗ್ಗಬಹುದು. ಹೇರ್ ಡ್ರೈಯರ್‌ಗೆಂದು ಮಾರುವ ಹಗುರ ಕನ್ವರ್ಟರಂತೂ ಬೇಡವೇ ಬೇಡ. ಆಟ ಮುಗಿದ ಮೇಲೆ ಗೋಡೆಯ ಸ್ವಿಚ್ಚನ್ನೂ ಆರಿಸಿ.

– ಓದುಗರು, ಮೈಸೂರು