641.5ರ ಕಪಾಟಿನಲ್ಲಿ ಅಡಗಿದ ಪುಸ್ತಕ

ಪುಟ್ಟಿ,

ಪತ್ರ ಕಾರ್ಡುಗಳ ಮೇಲಿದೆ ಅಂತ ನಗಬೇಡ. ನಮ್ಮ ಲೈಬ್ರರಿಗೆ ಕಂಪ್ಯೂಟರ್ ಬಂದಾಗ ಹಳೇ ಕ್ಯಾಟಲಾಗ್ ಕಾರ್ಡುಗಳನ್ನೆಲ್ಲ ರದ್ದಿಗೆ ಹಾಕಿದರಲ್ಲ, ಆಗ ನಾನು ಎರಡು ಡ್ರಾಯರ್‌ನಷ್ಟು ಮನೆಗೆ ಹೊತ್ತು ತಂದಿದ್ದೆ. ನಮ್ಮ ದಿನಸಿ ಚೀಟಿ ಇವತ್ತಿಗೂ ಅದರಲ್ಲೇ. ಮುಂದೆ ಯಾವುದೋ ಪುಸ್ತಕದ ಹೆಸರು, ಹಿಂದೆ ಒಂದು ಕೆಜಿ ತೊಗರಿಬೇಳೆ. ಈ ಪತ್ರಕ್ಕೆ ನಂಬರು ಹಾಕಿದ್ದೇನೆ. ಕಾರ್ಡಿನ ಕೆಳಗೆ ಡ್ರಾಯರಿನ ಕಂಬಿ ತೂರಿಸುತ್ತಿದ್ದ ತೂತು ಇದೆ ನೋಡು, ಅದಕ್ಕೆ ಹೂ ಕಟ್ಟುವ ದಾರ ಪೋಣಿಸಿದ್ದೇನೆ. ಬಸ್ಸಿನಲ್ಲಿ ಓದಿದರೂ ಉದುರುವುದಿಲ್ಲ.

ನಿನ್ನೆ ರಾತ್ರಿ ನಾನು ಚಪಾತಿ ಲಟ್ಟಿಸುತ್ತಿದ್ದೆ. ನೀನು ಹಾಲ್‌ನಲ್ಲಿ ಫೋನಿನಲ್ಲಿ ಗೆಳತಿಗೆ ಹೇಳುತ್ತಿದ್ದೆ: "ಮೂರೇ ಕಾಪಿ ಇರೋದು ಕಣೇ. ನನ್ನ ಕಾರ್ಡಲ್ಲಿ ಆಗಲೇ ಎರಡು ಬುಕ್ ಇದೆ, ಇನ್ನು ಕೊಡಲ್ಲ. ಅದಕ್ಕೇ ಒಂದನ್ನ ಅಡುಗೆ ಪುಸ್ತಕಗಳ ಹಿಂದೆ ತಳ್ಳಿ ಬಂದೆ. ಟೆಸ್ಟ್ ಮುಗಿಯೋವರೆಗೂ ಯಾರಿಗೂ ಸಿಗಲ್ಲ." ಆಮೇಲೆ ನಕ್ಕೆ. ಒಲೆ ಮೇಲಿದ್ದ ಚಪಾತಿ ಸೀದುಹೋಯಿತು. ಊಟಕ್ಕೆ ಕೂತಾಗ ನೀನು ಅದನ್ನು ಪಕ್ಕಕ್ಕೆ ಸರಿಸಿದೆ, ಯಾಕೆ ಸೀದಿತು ಅಂತ ಕೇಳಲಿಲ್ಲ. ನಾನೂ ಹೇಳಲಿಲ್ಲ. ಹೇಳಿದ್ದರೆ ಜಗಳವಾಗುತ್ತಿತ್ತು. "ಅಮ್ಮಾ, ನೀನು ಮನೇಲೂ ಲೈಬ್ರರಿಯವಳ ಥರಾನೇ ಆಡ್ತೀಯ" ಅನ್ನುತ್ತಿದ್ದೆ. ಹೌದು, ನಾನು ಲೈಬ್ರರಿಯವಳೇ. ಇಪ್ಪತ್ತೊಂದು ವರ್ಷದಿಂದ ನಮ್ಮ ಮನೆ ಬಾಡಿಗೆ ಕಟ್ಟುತ್ತಿರುವುದು ಆ ಕೆಲಸವೇ.

ನೀನು ಕಳ್ಳತನ ಮಾಡಿಲ್ಲ, ಅದು ಗೊತ್ತು. ಪುಸ್ತಕ ಗೇಟು ದಾಟಿಲ್ಲ. ಆದರೆ ನಮ್ಮ ಕಡೆಯಿಂದ ನೋಡಿದರೆ ಇದು ಕದ್ದದ್ದಕ್ಕಿಂತ ಕಷ್ಟದ ಕೇಸು. ಯಾರಾದರೂ ತೆಗೆದುಕೊಂಡು ಹಿಂತಿರುಗಿಸದಿದ್ದರೆ ಕಂಪ್ಯೂಟರಿನಲ್ಲಿ ಅವರ ಹೆಸರಿರುತ್ತದೆ, ಫೋನು ಮಾಡಬಹುದು. ಬಚ್ಚಿಟ್ಟ ಪುಸ್ತಕ ಮಾತ್ರ ಕಂಪ್ಯೂಟರಿನಲ್ಲಿ "ಲಭ್ಯವಿದೆ" ಅಂತಲೇ ತೋರಿಸುತ್ತದೆ. ಅದನ್ನು ನಂಬಿ ಯಾವಳೋ ಒಬ್ಬಳು ಬರುತ್ತಾಳೆ. ಪುಸ್ತಕದ ವಿಷಯಕ್ಕೆ ಕೊಡುವ ಸಂಖ್ಯೆ 330.954, ಅಂದರೆ ಭಾರತದ ಆರ್ಥಿಕತೆ, ಆ ಸಾಲಿನಲ್ಲಿ ಮೇಲಿಂದ ಕೆಳಗೆ ಹುಡುಕುತ್ತಾಳೆ, ಸಿಗುವುದಿಲ್ಲ. ಕೌಂಟರಿಗೆ ಬಂದು ಕೇಳುತ್ತಾಳೆ. ಅಟೆಂಡರ್ ಎದ್ದು ಹೋಗಿ ಅದೇ ಸಾಲನ್ನು ಇನ್ನೊಮ್ಮೆ ಹುಡುಕುತ್ತಾರೆ. 641.5ರ ಪಾಯಸ, ಉಪ್ಪಿನಕಾಯಿಗಳ ಹಿಂದೆ ಅರ್ಥಶಾಸ್ತ್ರ ಕೂತಿದೆ ಅಂತ ಯಾರಿಗೆ ತಾನೇ ಹೊಳೆದೀತು? ನಾಳೆ ಇನ್ನೊಬ್ಬಳು ಬರುತ್ತಾಳೆ, ಮತ್ತೆ ಅದೇ ಹುಡುಕಾಟ.

ನಾನು ಮೊದಲು ಕೆಲಸ ಮಾಡುತ್ತಿದ್ದ ಕಾಲೇಜಿನ ಕಥೆ ನಿನಗೆ ಪೂರ್ತಿ ಹೇಳಿರಲಿಲ್ಲ. ಅಲ್ಲಿ ಒಬ್ಬರು ಹಿರಿಯ ಅಟೆಂಡರು ಇದ್ದರು, ನಾವೆಲ್ಲ "ಅಣ್ಣ" ಅನ್ನುತ್ತಿದ್ದೆವು. ಓದಿದ್ದು ಎಸ್ಸೆಸ್ಸೆಲ್ಸಿ. ಆದರೆ ಯಾವ ಪುಸ್ತಕ ಎಲ್ಲಿದೆ ಅಂತ ಕೇಳಿದರೆ ಕಣ್ಣು ಮುಚ್ಚಿಕೊಂಡು ಹೋಗಿ ತರುತ್ತಿದ್ದರು. 2018ರ ಬೇಸಿಗೆ ರಜೆಯಲ್ಲಿ ಸ್ಟಾಕ್ ವೆರಿಫಿಕೇಶನ್ ಮಾಡಿದೆವು. ಮೂಗಿಗೆ ಕರ್ಚೀಫು ಕಟ್ಟಿಕೊಂಡು ಒಬ್ಬರು ಪುಸ್ತಕ ತೆಗೆದು ಅಕ್ಸೆಶನ್ ನಂಬರು, ಅಂದರೆ ಲೈಬ್ರರಿಯಲ್ಲಿ ಆ ಕಾಪಿಗೆ ಕೊಟ್ಟ ಕ್ರಮಸಂಖ್ಯೆ, ಕೂಗುವುದು, ಇನ್ನೊಬ್ಬರು ರಿಜಿಸ್ಟರಿನಲ್ಲಿ ಟಿಕ್ ಹಾಕುವುದು. ಕೇಂದ್ರ ಸರ್ಕಾರದ 2017ರ ಹಣಕಾಸು ನಿಯಮದಲ್ಲಿ ಇದಕ್ಕೊಂದು ಲೆಕ್ಕವಿದೆ, ಆ ಕಾಲೇಜೂ ಅದನ್ನೇ ಪಾಲಿಸುತ್ತಿತ್ತು. ವರ್ಷದಲ್ಲಿ ಓದಲು ಹೋದ ಪ್ರತಿ ಸಾವಿರ ಪುಸ್ತಕಕ್ಕೆ ಐದು ಕಾಣೆಯಾದರೆ ಅದು ಸಹಜ ನಷ್ಟ, ಯಾರ ಮೋಸ ಅಥವಾ ಅಸಡ್ಡೆಯಿಂದ ಆದದ್ದಲ್ಲದಿದ್ದರೆ. ಆದರೆ ಒಂದು ಪುಸ್ತಕದ ಬೆಲೆ ಸಾವಿರ ರೂಪಾಯಿ ದಾಟಿದ್ದರೆ ವಿಚಾರಣೆ ಆಗಲೇಬೇಕು.

ಆ ವರ್ಷ ಟಿಕ್ ಬೀಳದೆ ಉಳಿದವುಗಳಲ್ಲಿ ಒಂದು ಸಂಖ್ಯಾಶಾಸ್ತ್ರದ ದಪ್ಪ ಪುಸ್ತಕ, 1,200 ರೂಪಾಯಿಯದು. ಅಣ್ಣನಿಗೆ ಮೆಮೊ ಬಂತು. "ನಿಮ್ಮ ಸೆಕ್ಷನ್ನಿನಿಂದ ಹೇಗೆ ಹೋಯಿತು, ವಿವರಣೆ ಕೊಡಿ." ಅವರು ವಿವರಣೆ ಏನು ಕೊಡುತ್ತಾರೆ? ನನ್ನ ಹತ್ತಿರ ಬಂದು, "ಮೇಡಂ, ನಾಲ್ಕು ಸಾಲು ಬರೆದುಕೊಡಿ" ಅಂದರು. ಬರೆದುಕೊಟ್ಟೆ. ಸಹಿ ಮಾಡುವಾಗ ಅವರ ಕೈ ಸ್ವಲ್ಪ ನಡುಗುತ್ತಿತ್ತು. ರಿಟೈರ್ ಆಗಲು ಎಂಟು ತಿಂಗಳಿತ್ತು, ಪಿಂಚಣಿ ಕಾಗದ ನಿಂತೀತು ಅಂತ ಭಯ. ಒಂದು ಭಾನುವಾರ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಅಂಗಡಿಗಳನ್ನೆಲ್ಲ ಸುತ್ತಿ, ಅದೇ ಪುಸ್ತಕದ ಸೆಕೆಂಡ್‌ಹ್ಯಾಂಡ್ ಕಾಪಿ ಹುಡುಕಿ, ಸ್ವಂತ ದುಡ್ಡಿನಲ್ಲಿ ತಂದಿಟ್ಟರು. ಒಳಪುಟದಲ್ಲಿ ಯಾರದೋ ಹೆಸರಿತ್ತು. ಅದರ ಮೇಲೆ ಕಾಲೇಜಿನ ಮೊಹರು ಒತ್ತಿದ್ದು ನಾನೇ.

ಎರಡು ವರ್ಷ ಕಳೆದು ಕಪಾಟುಗಳಿಗೆ ಬಣ್ಣ ಹೊಡೆಸಲು ಎಲ್ಲ ಖಾಲಿ ಮಾಡಿದೆವು. ಆ ಸೈನ್ಸ್ ಕಾಲೇಜಿನಲ್ಲಿ ಯಾರೂ ಮುಟ್ಟದ ಸಾಲು 294.5, ಹಿಂದೂ ಧರ್ಮದ ಪುಸ್ತಕಗಳದು. ಅದರ ಹಿಂದೆ, ಗೋಡೆಗೆ ಒತ್ತಿಕೊಂಡು, ಅದೇ ಸಂಖ್ಯಾಶಾಸ್ತ್ರದ ಪುಸ್ತಕ ಅಡ್ಡಡ್ಡ ಮಲಗಿತ್ತು. ಒಳಗೆ ಗುರುತಿಗೆ ಒಂದು ಬಸ್ ಟಿಕೆಟ್. ಯಾವ ಹುಡುಗಿಯೋ ಹುಡುಗನೋ ಪರೀಕ್ಷೆ ಮುಗಿಸಿ, ಮರೆತು, ಪಾಸಾಗಿ ಹೋಗಿದ್ದರು. ನಾನು ಅಣ್ಣನಿಗೆ ಫೋನು ಮಾಡಿದೆ. "ಸಿಕ್ತಾ? ಒಳ್ಳೇದಾಯ್ತು ಬಿಡಿ ಮೇಡಂ, ಎರಡು ಕಾಪಿ ಆಯ್ತು" ಅಂದರು. ಅಷ್ಟೇ. ನಿನ್ನೆ ನೀನು ನಕ್ಕಾಗ ನನಗೆ ಕೇಳಿಸಿದ್ದು ಆ ದನಿ.

ಆ ಘಟನೆ ಅಲ್ಲಿಗೆ ನಿಲ್ಲಲಿಲ್ಲ. ಮೆಮೊ ಆದ ಮೇಲೆ ಸಂಖ್ಯಾಶಾಸ್ತ್ರದ ಕಪಾಟಿಗೆ ಜಾಲರಿ ಬಾಗಿಲು ಹಾಕಿ ಬೀಗ ಜಡಿದರು. ಚೀಟಿಯಲ್ಲಿ ಪುಸ್ತಕದ ಹೆಸರು ಬರೆದುಕೊಟ್ಟು ಕಾಯುವ ಹಳೇ ಪದ್ಧತಿ ಮತ್ತೆ ಬಂತು. ಹೆಸರು ಗೊತ್ತಿಲ್ಲದ ಪುಸ್ತಕ ಯಾರಿಗೂ ಸಿಗದ ಹಾಗಾಯಿತು. ಯಾರನ್ನೂ ಕೇಳದೆ ಸಾಲುಗಳ ನಡುವೆ ಓಡಾಡಿ, ಕೈಗೆ ಸಿಕ್ಕಿದ್ದನ್ನು ತೆರೆದು ನೋಡುವ ಸ್ವಾತಂತ್ರ್ಯ ನಿನಗೆ ಇದೆಯಲ್ಲ, ಅದು ನಮ್ಮ ದೇಶದ ಲೈಬ್ರರಿಗಳಿಗೆ ಸುಮ್ಮನೆ ಬಂದದ್ದಲ್ಲ. ಅದಕ್ಕಾಗಿ ಹಟ ಹಿಡಿದವರಲ್ಲಿ ದೊಡ್ಡ ಹೆಸರು ಎಸ್.ಆರ್. ರಂಗನಾಥನ್ ಅವರದು. ಆಗಸ್ಟ್ 12ಕ್ಕೆ ನಮ್ಮ ಕೌಂಟರಿನಲ್ಲಿ ಹಾರ ಹಾಕುವ ಫೋಟೊ ಅವರದೇ. ಮೊದಲು ಗಣಿತದ ಮೇಷ್ಟರು, ಆಮೇಲೆ 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಲೈಬ್ರರಿಯನ್. ಕೊನೆಯ ವರ್ಷಗಳನ್ನು ನಮ್ಮ ಬೆಂಗಳೂರಿನಲ್ಲೇ ಕಳೆದರು. 1962ರಲ್ಲಿ ಇಲ್ಲಿ ಡಿಆರ್‌ಟಿಸಿ ಅನ್ನುವ ಗ್ರಂಥಾಲಯ ವಿಜ್ಞಾನದ ತರಬೇತಿ ಕೇಂದ್ರ ಕಟ್ಟಿದರು, 1972ರಲ್ಲಿ ಇಲ್ಲೇ ತೀರಿಕೊಂಡರು. 1931ರಲ್ಲಿ ಅವರು ಬರೆದ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ನಾಲ್ಕನೆಯದು, ಓದುಗರ ಸಮಯ ಉಳಿಸು ಅಂತ. ಅದನ್ನು ನಮಗೆ ತರಬೇತಿಯಲ್ಲಿ ಬಾಯಿಪಾಠ ಮಾಡಿಸಿದ್ದರು. ಓದುಗರೇ ಓದುಗರ ಸಮಯ ಹಾಳು ಮಾಡಿದರೆ ಏನು ಮಾಡಬೇಕು ಅಂತ ಮಾತ್ರ ಯಾರೂ ಹೇಳಿಕೊಡಲಿಲ್ಲ.

ನೀನು ಇದನ್ನು ಹೊಟ್ಟೆಕಿಚ್ಚಿಗೆ ಮಾಡಿಲ್ಲ, ಭಯಕ್ಕೆ ಮಾಡಿದ್ದೀಯ. ಟೆಸ್ಟು ಹತ್ತಿರ ಬಂತು, ಪುಸ್ತಕ ಕೊಳ್ಳಲು ಅಪ್ಪನನ್ನು ಕೇಳಲು ಸಂಕೋಚ. ಸರಿ. ಹಾಗಾದರೆ ಕೌಂಟರಿಗೆ ಹೋಗಿ ಬಾಯಿ ಬಿಟ್ಟು ಕೇಳಬೇಕಿತ್ತು. ಲೈಬ್ರರಿಯಲ್ಲಿ ಬಾಯಿ ಬಿಡದವರಿಗೆ ಅರ್ಧ ಸೌಲಭ್ಯ ಸಿಗುವುದೇ ಇಲ್ಲ, ಇದು ನಾನು ದಿನಾ ನೋಡುವ ಮಾತು. ಓವರ್‌ನೈಟ್ ಇಶ್ಯೂ ಅಂತ ಕೇಳಿದ್ದೀಯಾ? ಬಹಳ ಕಾಲೇಜುಗಳಲ್ಲಿ ಇದೆ. ರೆಫರೆನ್ಸ್ ಸೆಕ್ಷನ್ನಿನ ಪುಸ್ತಕ, ಸಾಮಾನ್ಯವಾಗಿ ಮನೆಗೆ ಕೊಡದೇ ಇರುವಂಥದ್ದು, ಸಂಜೆ ಬಾಗಿಲು ಹಾಕುವ ಹೊತ್ತಿಗೆ ಕೊಡುತ್ತಾರೆ. ಮರುದಿನ ಬೆಳಿಗ್ಗೆ ತೆರೆದ ತಕ್ಷಣ ವಾಪಸು ಕೊಡಬೇಕು. ನಮ್ಮಲ್ಲಿ ಅದಕ್ಕೆ ಬೇರೆ ನೋಟ್‌ಬುಕ್ಕೇ ಇದೆ. ಕಳೆದ ಸೆಮಿಸ್ಟರಿನಲ್ಲಿ ಅದರಲ್ಲಿ ಹೆಸರು ಬರೆಸಿದವರು ಆರೋ ಏಳೋ ಜನ. ಉಳಿದವರಿಗೆ ಅಂಥದ್ದೊಂದು ಇದೆ ಅಂತಲೇ ಗೊತ್ತಿಲ್ಲ. ನಿನ್ನ ಕಾರ್ಡಿನಲ್ಲಿ ಎರಡು ಪುಸ್ತಕ ಇದ್ದರೂ ಇದು ಆ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಕೇಳು. ನಮ್ಮಲ್ಲಿ ಬರುವುದಿಲ್ಲ.

ಮೂರೂ ಕಾಪಿ ಹೊರಗಿದ್ದರೆ ರಿಸರ್ವ್ ಮಾಡಿಸು. ವಾಪಸು ಬಂದ ಕೂಡಲೇ ನಿನಗಾಗಿ ಕೌಂಟರಿನಲ್ಲಿ ತೆಗೆದಿಡುತ್ತಾರೆ. ಇನ್ನೊಂದು, ನೀನು ಹಿಡಿದಿರುವ ಆ ಎರಡು ಪುಸ್ತಕವನ್ನು ಯಾರೋ ರಿಸರ್ವ್ ಮಾಡಿದ್ದರೆ ನಿನಗೆ ರಿನ್ಯೂ ಆಗುವುದಿಲ್ಲ. ಕೌಂಟರಿನವರ ಮೇಲೆ ಮುಖ ಊದಿಸಿಕೊಳ್ಳಬೇಡ, ಅವರು ಮಾಡಿದ್ದಲ್ಲ ಅದು.

ನಿನ್ನ ಕಾಲೇಜು ಎನ್-ಲಿಸ್ಟ್ ಸದಸ್ಯತ್ವ ತೆಗೆದುಕೊಂಡಿದೆಯೇ ಅಂತಲೂ ಕೇಳು. ಕಾಲೇಜುಗಳಿಗೆ ಆನ್‌ಲೈನಿನಲ್ಲಿ ಪುಸ್ತಕ ಒದಗಿಸುವ ಯೋಜನೆ ಅದು, ನಡೆಸುವುದು ಗುಜರಾತಿನ ಇನ್‌ಫ್ಲಿಬ್‌ನೆಟ್ ಕೇಂದ್ರ. ಇದ್ದರೆ ಲೈಬ್ರರಿಯವರೇ ನಿನ್ನ ಹೆಸರಿಗೆ ಲಾಗಿನ್ ಮಾಡಿಸಿಕೊಡುತ್ತಾರೆ, ಮನೆಯಿಂದಲೇ ಇ-ಪುಸ್ತಕ, ಜರ್ನಲ್ ಓದಬಹುದು. ಇ-ಪುಸ್ತಕವನ್ನು ಅಡುಗೆ ಪುಸ್ತಕದ ಹಿಂದೆ ಬಚ್ಚಿಡಲು ಆಗುವುದಿಲ್ಲ, ಅದೊಂದು ಅನುಕೂಲ. ನಿನ್ನ ಗೆಳತಿಗೆ ಬುಕ್ ಬ್ಯಾಂಕ್ ವಿಷಯ ಹೇಳು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ಮಕ್ಕಳಿಗೆ ಪಠ್ಯಪುಸ್ತಕಗಳ ಸೆಟ್ಟನ್ನು ದೀರ್ಘಾವಧಿಗೆ ಕೊಡುವ ಯೋಜನೆ ಅದು. ಅವಳು ಹೋದ ವರ್ಷ ನಮ್ಮ ಮನೆಗೆ ಬಂದಾಗ ಜೆರಾಕ್ಸ್ ಕಟ್ಟು ಹಿಡಿದುಕೊಂಡಿದ್ದಳು, ನನಗೆ ಆಗಲೇ ಕೇಳಬೇಕು ಅನ್ನಿಸಿತ್ತು. ಕೇಳಿದರೆ ಎಲ್ಲಿ ಬೇಜಾರಾಗುತ್ತಾಳೋ ಅಂತ ಸುಮ್ಮನಾದೆ. ತಪ್ಪು ನನ್ನದು.

ಕಾಲೇಜಿನಲ್ಲಿ ಸಿಗದಿದ್ದರೆ ಊರಿನಲ್ಲಿ ಬೇರೆ ಬಾಗಿಲುಗಳಿಲ್ಲವೇ? ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದ ಸೆಂಟ್ರಲ್ ಲೈಬ್ರರಿಗೆ ನಿನ್ನನ್ನು ಐದನೇ ಕ್ಲಾಸಿನಲ್ಲಿ ಕರೆದುಕೊಂಡು ಹೋಗಿದ್ದೆ. ನಿನಗೆ ನೆನಪಿರುವುದು ಹೊರಗೆ ತಿಂದ ಚುರುಮುರಿ ಮಾತ್ರ. ಮನೆ ಕಂದಾಯದ ಜೊತೆ ಶೇಕಡಾ 6ರಷ್ಟು ಗ್ರಂಥಾಲಯ ಕರ ಅಂತ ಕಟ್ಟಿಸಿಕೊಳ್ಳುತ್ತಾರೆ, 1965ರ ಗ್ರಂಥಾಲಯ ಕಾಯಿದೆಯ ಪ್ರಕಾರ. ನಮ್ಮ ಓನರು ಅದನ್ನೂ ಬಾಡಿಗೆಯಲ್ಲಿ ಸೇರಿಸಿಯೇ ವಸೂಲಿ ಮಾಡುತ್ತಾರೆ ಅನ್ನುವುದು ಅಪ್ಪನ ವಾದ. ಹಾಗಿದ್ದರೆ ಹೋಗಿ ಕೂತು ಓದಲು ಸಂಕೋಚವೇಕೆ?

ಉಳಿದ ನಿಯಮಗಳು ನಿನಗೆ ಗೊತ್ತಿರುವವೇ, ಎರಡು ಮಾತ್ರ ಹೇಳುತ್ತೇನೆ. ಪುಸ್ತಕ ತೆಗೆದುಕೊಳ್ಳುವಾಗ ಕೌಂಟರಿನಲ್ಲೇ ನಿಂತು ಪುಟ ತಿರುವಿ ನೋಡು. ಬ್ಲೇಡು ಹಾಕಿದ ಪುಟ, ಕಿತ್ತುಬಂದ ಹೊಲಿಗೆ ಇದ್ದರೆ ಅಲ್ಲೇ ತೋರಿಸಿ ಬರೆಸು. ಇಲ್ಲದಿದ್ದರೆ ವಾಪಸು ಕೊಡುವ ದಿನ ಅದು ನಿನ್ನ ತಲೆಗೆ. ಬ್ಲೇಡಿನವರು ಯಾವಾಗಲೂ ಪ್ರಶ್ನೆಪತ್ರಿಕೆಗೆ ಬರುವ ಚಾಪ್ಟರಿನ ಪುಟಗಳನ್ನೇ ಕತ್ತರಿಸುತ್ತಾರೆ, ಬೆನ್ನಿನ ಹತ್ತಿರ ನೀಟಾಗಿ, ಬೆರಳಿಟ್ಟು ಸವರಿದರೆ ಮಾತ್ರ ತಿಳಿಯುವ ಹಾಗೆ. ಹಾಗೇ ನಿನ್ನ ಕಾರ್ಡು ಯಾರಿಗೂ ಕೊಡಬೇಡ, ಜೀವದ ಗೆಳತಿಯಾದರೂ. ಮೂರನೇ ವರ್ಷದ ಕೊನೆಗೆ ಹಾಲ್ ಟಿಕೆಟ್ಟಿಗೆ ನೋ ಡ್ಯೂ ಸಹಿ ಬೇಕಾದಾಗ ಎರಡು ವರ್ಷದ ಹಿಂದೆ ಯಾರಿಗೋ ತೆಗೆದುಕೊಟ್ಟ ಪುಸ್ತಕ ಎದ್ದು ಬರುತ್ತದೆ. ಆ ಗೆಳತಿ ಅಷ್ಟರಲ್ಲಿ ಕೋರ್ಸ್ ಬಿಟ್ಟು ಮದುವೆಯಾಗಿ ಹೋಗಿರುತ್ತಾಳೆ. ನಮ್ಮ ಕೌಂಟರಿನ ಮುಂದೆ ಅತ್ತವರ ಪೈಕಿ ಹೆಚ್ಚಿನವರು ಇವರೇ. ದಿನಕ್ಕೆ ಒಂದು ರೂಪಾಯಿ ದಂಡಕ್ಕೆ ಯಾರೂ ಅಳುವುದಿಲ್ಲ.

ಇವತ್ತು ಕಾಲೇಜಿಗೆ ಹೋದ ಕೂಡಲೇ ಮೊದಲು ಆ ಪುಸ್ತಕ ತೆಗೆ. ನೀನೇ 330.954ಕ್ಕೆ ಹೋಗಿ ಇಡಬೇಡ. ಅವಸರದಲ್ಲಿ ಇನ್ನೆಲ್ಲೋ ತುರುಕಿ ಬರುತ್ತೀಯ. ಓದಿದ ಪುಸ್ತಕ ಬಿಡುವ ಮೇಜಿನ ಮೇಲೆ ಇಟ್ಟು ಬಾ, ಅಟೆಂಡರ್ ಅದನ್ನು ಅದರ ಜಾಗಕ್ಕೆ ಸೇರಿಸುತ್ತಾರೆ. ಏನೂ ಹೇಳುವ ಅಗತ್ಯವಿಲ್ಲ. ಹೇಳಬೇಕು ಅನ್ನಿಸಿದರೆ ಹೇಳು, ಅದು ನಿನಗೆ ಬಿಟ್ಟದ್ದು.

ಡಬ್ಬಿಯಲ್ಲಿ ಚಪಾತಿ ಇದೆ, ಸೀದದ್ದಲ್ಲ. ಸಂಜೆ ಮಳೆ ಬರುವ ಹಾಗಿದೆ, ಬ್ಯಾಗಿನಲ್ಲಿರುವ ಎರಡು ಪುಸ್ತಕಕ್ಕೆ ಪ್ಲಾಸ್ಟಿಕ್ ಕವರ್ ಹಾಕಿಟ್ಟಿದ್ದೇನೆ. ಬರುವಾಗ ಕೊತ್ತಂಬರಿ ಸೊಪ್ಪು ತಾ. ಈ ಕಾರ್ಡುಗಳನ್ನು ಎಸೆಯಬೇಡ, ದಾರ ಬಿಚ್ಚಿ ಡ್ರಾಯರಿಗೆ ಹಾಕು. ಹನ್ನೊಂದನೆಯದರಲ್ಲಿ ಅರ್ಧ ಜಾಗ ಉಳಿದಿದೆ, ತಿಂಗಳ ಸಾಮಾನು ಬರೆಯಲು ಆಗುತ್ತದೆ.

ಅಮ್ಮ