ಎಳೆದು ಹಿಗ್ಗಿಸಿದ ಫ್ಲೆಕ್ಸ್‌ಗೆ ಚಿತ್ರ ಪ್ರದರ್ಶನ ಎನ್ನುತ್ತಾರೆಯೇ?

ಮಾನ್ಯರೇ,

ಫ್ರಾನ್ಸಿನ ಬಾರ್ಬಿಝೋನ್ ಹಳ್ಳಿಯ ಕಲಾವಿದರ ಚಿತ್ರಗಳ ಮುದ್ರಿತ ಪ್ರತಿಗಳ ಪ್ರದರ್ಶನ ‘ಯಶಸ್ವಿ’ಯಾಯಿತೆಂಬ ನಿನ್ನೆಯ ವರದಿ ಓದಿ ಸುಮ್ಮನಿರಲಾಗಲಿಲ್ಲ. ಉದ್ಘಾಟಕರು ಬಂದದ್ದು ಎರಡು ತಾಸು ತಡವಾಗಿ. ಅಲ್ಲಿಯವರೆಗೆ ಸಭಾಭವನಕ್ಕೆ ಬೀಗ. ಸಾಲ್ಕಣಿ, ಬನವಾಸಿ ಕಡೆಯ ಮಕ್ಕಳು ಮಳೆಯ ಎರಚಲಿಗೆ ನೆನೆಯುತ್ತ ನಿಂತಿದ್ದರು. ಬೀಗ ತೆಗೆದಾಗ ಕರೆಂಟಿಲ್ಲ, ಜನರೇಟರಿಗೆ ಡೀಸೆಲ್ ಇಲ್ಲ. ಕರೆಂಟು ಬರುವಷ್ಟರಲ್ಲಿ ಅರ್ಧ ಮಕ್ಕಳು ಬಸ್ಸು ಹಿಡಿಯಲು ಓಡಿಯಾಗಿತ್ತು.

ಉಳಿದವರಾದರೂ ಕಂಡದ್ದೇನು? ಆ ಗುಂಪಿನ ಮಿಲ್ಲೆ 1857ರಲ್ಲಿ ಬರೆದ, ಹಕ್ಕಲು ಆಯುವ (ಕೊಯ್ಲಾದ ಹೊಲದಲ್ಲಿ ಉದುರಿದ ತೆನೆ ಹೆಕ್ಕುವ) ಹೆಂಗಸರ ಚಿತ್ರದ ಮೂಲ ಅಳತೆ 83.5 ಸೆಂ.ಮೀ. ಎತ್ತರ, ಸುಮಾರು 110 ಸೆಂ.ಮೀ. ಅಗಲ. ಮೂರಡಿ ಎತ್ತರಕ್ಕೆ ಮುದ್ರಿಸಿದರೆ ಅಗಲ ನಾಲ್ಕಡಿ ಬರಬೇಕು. ಸಂಘಟಕರು ಗೋಡೆ ತುಂಬಲೆಂದು ಆರಡಿಗೆ ಎಳೆದಿದ್ದರು. ಬೆನ್ನು ಬಗ್ಗಿಸಿದ ಹೆಂಗಸರು ಚಪ್ಪಟೆಯಾಗಿಬಿಟ್ಟರು. ಚಿತ್ರದ ಬಲಗಡೆ ದೂರದಲ್ಲಿ ಕುದುರೆಯೇರಿದ ಮೇಲ್ವಿಚಾರಕನೊಬ್ಬನಿದ್ದಾನೆ. ಬೆಳೆಯ ಬಣವೆಗಳೆಲ್ಲ ಅತ್ತ, ಉದುರಿದ ತೆನೆ ಇತ್ತ. ಚಿತ್ರದ ಜೀವವೇ ಅದು. ಸರಿಯಾಗಿ ಆ ಜಾಗದ ಮೇಲೆ ಅತಿಥಿಗಳ ಫೋಟೊ ಅಚ್ಚಾಗಿತ್ತು.

ಅದೇ ಗುಂಪಿನ ಚಿತ್ರಕಾರ ಥಿಯೋಡೋರ್ ರೂಸೋ ಹುಟ್ಟಿದ್ದು 1812ರಲ್ಲಿ. ಫಲಕದಲ್ಲಿದ್ದದ್ದು 1778ರಲ್ಲೇ ತೀರಿಕೊಂಡ ತತ್ತ್ವಜ್ಞಾನಿ ರೂಸೋನ ಪರಿಚಯ! ಚಿತ್ರಕಾರ ರೂಸೋ ಡಾಂಬರಿನ ಜಾತಿಯ ಕಂದು ಬಣ್ಣ ಬಳಸುತ್ತಿದ್ದ. ಅದು ಪೂರ್ತಿ ಒಣಗುವುದೇ ಇಲ್ಲ. ವರ್ಷ ಕಳೆದಂತೆ ಕಪ್ಪಾಗಿ ಬಿರಿಯುತ್ತದೆ. ‘ಕಪ್ಪಾಯಿತು’ ಎಂದು ಕಂಪ್ಯೂಟರಿನಲ್ಲಿ ಬೆಳಕು ಏರಿಸಿದರೆ ನೆರಳೆಲ್ಲ ಬೂದಿ ಬಣ್ಣಕ್ಕೆ ತಿರುಗಿ ಕಾಡಿನ ಆಳವೇ ಹೋಗುತ್ತದೆ. ಮೊದಲು ಒಂದು ಎ4 ಹಾಳೆಯಲ್ಲಿ ಅಚ್ಚು ತೆಗೆದು, ಅದೇ ಸಭಾಭವನದ ದೀಪದಡಿ ಹಿಡಿದು ನೋಡಬೇಕಿತ್ತು. ಹೊಳಪಿಲ್ಲದ ಕ್ಯಾನ್ವಾಸಿಗೆ ಮುದ್ರಿಸಿ, ಚಿತ್ರದ ನಡುಭಾಗ ನೆಲದಿಂದ ಐದಡಿಗೆ ಬರುವಂತೆ ತೂಗುಹಾಕಬೇಕಿತ್ತು. ಮಿರಿಮಿರಿ ಲ್ಯಾಮಿನೇಷನ್ ಮಾಡಿ ಎದುರಿಗೇ ಟ್ಯೂಬ್‌ಲೈಟ್ ಹಾಕಿದರೆ ಕಾಣುವುದು ಟ್ಯೂಬ್‌ಲೈಟೇ.

ಪ್ಯಾರಿಸ್ಸಿನಿಂದ ಸುಮಾರು 60 ಕಿ.ಮೀ. ದೂರ, ಫಾಂಟೆನ್‌ಬ್ಲೋ ಕಾಡಿನಂಚಿನ ಹಳ್ಳಿ ಬಾರ್ಬಿಝೋನ್. ಪುರಾಣದ ದೃಶ್ಯಗಳಿಗೆ ಹಿನ್ನೆಲೆಯಾಗಿದ್ದ ಮರ, ಗಾಡಿದಾರಿ, ದನಗಳನ್ನೇ 1830ರ ನಂತರ ಈ ಕಲಾವಿದರು ಚಿತ್ರದ ವಸ್ತು ಮಾಡಿಕೊಂಡರು. 1841ರಲ್ಲಿ ತಗಡಿನ ಟ್ಯೂಬಿನ ಬಣ್ಣ ಬಂದ ಮೇಲೆ ಕಾಡಿನಲ್ಲೇ ಕೂತು ಬರೆಯುವುದು ಹಗುರವಾಯಿತು. ಇದೇ ಗುಂಪಿನ ದೊಬಿನ್ಯಿ ದೋಣಿಯನ್ನೇ ಸ್ಟುಡಿಯೊ ಮಾಡಿಕೊಂಡ. ಮುಂದಿನ ಪೀಳಿಗೆಯ ಚಿತ್ರಕಾರರಾದ ಮೋನೆ, ಪಿಸಾರೊ ಈ ಗುಂಪಿನಿಂದ ಕಲಿತವರು. ಆ ಕಾಡಿನ ಮರ ಕಡಿಯುವುದರ ವಿರುದ್ಧ ರೂಸೋ ಚಕ್ರವರ್ತಿಯವರೆಗೂ ದೂರು ಒಯ್ದ. 1861ರಲ್ಲಿ ಸಾವಿರಕ್ಕೂ ಹೆಚ್ಚು ಹೆಕ್ಟೇರ್ ಕಾಡು ಅದರ ಸೌಂದರ್ಯಕ್ಕಾಗಿಯೇ ಉಳಿಯಿತು. ಮರ ಕಡಿಯದಂತೆ ಅಪ್ಪಿಕೊಂಡು ತಡೆದ ಅಪ್ಪಿಕೋ ಚಳವಳಿ 1983ರಲ್ಲಿ ಹುಟ್ಟಿದ ಸಾಲ್ಕಣಿಯ ಮಕ್ಕಳಿಗೆ ಹೇಳಬೇಕಾದ ಮೊದಲ ಮಾತೇ ಇದು. ಫಲಕಗಳಲ್ಲಿ ಒಂದು ಸಾಲೂ ಇರಲಿಲ್ಲ.

ಇರುವುದಾದರೂ ಹೇಗೆ? ರಸ್ತೆ ಅಗಲ ಮಾಡುವಾಗ ಸಾಲುಮರ ಉರುಳಿಸಿ, ಬದಲಿಗೆ ಗಿಡ ನೆಡುತ್ತೇವೆಂದು ಹೇಳಿ ಮರೆತವರಲ್ಲವೇ ಈ ಸಂಘಟಕರು? ಸಭಾಭವನದ ಸೋರುವ ಮಾಡಿಗೆ ಪ್ರತಿ ಮಳೆಗಾಲವೂ ಅರ್ಜಿ ಕೊಡುವುದೇ ಆಯಿತು. ಚಿತ್ರಕಲಾ ಶಿಕ್ಷಕರು ನಿವೃತ್ತರಾದ ಶಾಲೆಗಳಿಗೆ ಹೊಸಬರು ಬರುವುದೇ ಇಲ್ಲ.

ಪ್ರದರ್ಶನವನ್ನು ಸರಿಯಾಗಿ ಇನ್ನೊಮ್ಮೆ ಮಾಡಲಿ. ಆಗದಿದ್ದರೆ ಸಭಾಭವನದ ಕೀಲಿಯನ್ನು ಬಲ್ಲವರಿಗೆ ಕೊಟ್ಟು ಸುಮ್ಮನಿರಲಿ. ಮಕ್ಕಳನ್ನು ಮಳೆಯಲ್ಲಿ ನಿಲ್ಲಿಸಿದ್ದಕ್ಕೆ ಯಾರಾದರೂ ಒಬ್ಬರು ಉತ್ತರ ಹೇಳಲಿ. ನಾಚಿಕೆಯಾಗಬೇಕು ಇವರಿಗೆ.

– ಒಬ್ಬ ಚಿತ್ರಕಲಾ ಶಿಕ್ಷಕ, ಶಿರಸಿ